ನಲವತ್ತು ಹೆಜ್ಜೆ, ಅಲ್ಲಿಂದ ಹೊಳೆಯ ಕಡೆ ಹನ್ನೊಂದು

ಗದಗ ಸ್ಟೇಷನ್

ಅಮೇರಿಕಕ್ಕೆ ಹೋಗಿಬಂದೆ ಎಂದ ಕೂಡಲೇ ಜನ ಕೇಳುವುದು ನೂರು ಅಂತಸ್ತಿನ ಕಟ್ಟಡಗಳ ಸುದ್ದಿ. ಅಂಥ ಊರಿನಲ್ಲಿ ನಾನಿದ್ದದ್ದು ಒಂದೂವರೆ ದಿನ. ಅದರಲ್ಲಿ ಅರ್ಧ ದಿನ ಕಳೆದುಹೋದ ಟ್ರಂಕು ಹುಡುಕುವುದರಲ್ಲೇ ಹೋಯಿತು. ಆ ವರ್ಣನೆ ಬೇಕಾದವರು ಬೇರೆ ಯಾರನ್ನಾದರೂ ಹಿಡಿಯಬೇಕು. ನಾನು ಮೂರು ತಿಂಗಳು ಇದ್ದದ್ದು ಆ ದೇಶದ ನಟ್ಟನಡುವಿನ ಬಯಲಿನಲ್ಲಿ. ಬಿಳಿಜೋಳದ ಬದಲು ಗೋವಿನಜೋಳ ಬೆಳೆಯುತ್ತದೆ ಎನ್ನುವುದನ್ನು ಬಿಟ್ಟರೆ ಅದು ನನ್ನ ಹುಟ್ಟೂರು ಅಡರಕಟ್ಟಿಯಂಥದೇ ಸೀಮೆ.

ನಾನು ಗದಗಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷು, ಇತಿಹಾಸ ಕಲಿಸುವ ಮಾಸ್ತರ. ಮಾಸ್ತರರನ್ನು ದೇಶದಿಂದ ದೇಶಕ್ಕೆ ಕಳಿಸುವ ಒಂದು ಯೋಜನೆಯಲ್ಲಿ ನನ್ನ ಹೆಸರು ಹೇಗೋ ಬಂತು. ಅದು ಕರ್ನಾಟಕ ಒಂದಾಗಬೇಕೆಂಬ ಕೂಗು ದಿಲ್ಲಿಗೆ ಮುಟ್ಟಿ, ಇನ್ನೇನು ಆಯಿತು ಎನ್ನುತ್ತಿದ್ದ ವರ್ಷ. ಬೀಳ್ಕೊಡಲು ಬಂದ ನಮ್ಮ ಡ್ರಾಯಿಂಗ್ ಮಾಸ್ತರರು ಕಿಟಕಿಯಲ್ಲಿ ತಲೆ ಹಾಕಿ, "ನೀವು ಮುಂಬಯಿ ರಾಜ್ಯದಿಂದ ಹೊಂಟೀರಿ. ತಿರುಗಿ ಬರೂದ್ರಾಗ ಗದಗ ಯಾವ ರಾಜ್ಯದಾಗ ಇರ್ತೈತೋ ಏನೋ. ವಿಳಾಸ ಬದಲಾದ್ರ ಕಾಗದ ಹಾಕ್ತೀವಿ ಬಿಡ್ರಿ" ಎಂದರು.

ನಗೆಯಾಡಿದರೂ ಮಾತು ಖರೆ. ನಾನು ಹುಟ್ಟಿದ್ದು ಒಂದು ಚಿಕ್ಕ ಸಂಸ್ಥಾನದ ಪ್ರಜೆಯಾಗಿ. ಪಕ್ಕದ ಮುಳಗುಂದಕ್ಕೆ ಹೋದರೆ ಬ್ರಿಟಿಷರ ರಾಜ್ಯ, ಕೊರ್ಲಹಳ್ಳಿಯ ಹೊಳೆ ದಾಟಿದರೆ ಮದ್ರಾಸು, ಮುಂಡರಗಿಯಿಂದ ಮೂಡಣಕ್ಕೆ ನಡೆದರೆ ನಿಜಾಮನ ಸೀಮೆ. ಮಾತು ಮಾತ್ರ ಎಲ್ಲ ಕಡೆ ಒಂದೇ.

ನನ್ನ ಹೆಂಡತಿ ಗಂಗವ್ವನಿಗೆ ರಾಜ್ಯದ ಚಿಂತೆ ಇರಲಿಲ್ಲ. "ಪರಸ್ಥಳ. ಯಾರರ ಉಣ್ಣಾಕ ನೀಡಿದ್ರ ಮೊದಲ ಬ್ಯಾಡ ಅನ್ರಿ. ಮತ್ತ ಒತ್ತಾಯ ಮಾಡಿದ್ರ ತಗೋರಿ. ಹಪಾಪಿ ಅನ್ನಬಾರದು ಮಂದಿ" ಎಂದು ಬುದ್ಧಿ ಹೇಳಿ, ಕಟಕರೊಟ್ಟಿಯ ಗಂಟನ್ನು ನನ್ನ ತೊಡೆಯ ಮೇಲಿಟ್ಟಳು.

ಬಯಲಿನ ಊರು

ಆ ಬುದ್ಧಿಮಾತು ನನ್ನನ್ನು ಎರಡು ದಿನ ಉಪವಾಸ ಕೆಡವಿತು. ಆ ದೇಶದಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥ. ನಾನು ನಾಚಿಕೊಂಡು "ಬೇಡ" ಎಂದೆ, ಅವರು ಬಟಾಟಿಯ ಬೋಗುಣಿಯನ್ನು ಎತ್ತಿ ಒಳಗಿಟ್ಟುಬಿಟ್ಟರು. ಎರಡನೆಯ ಸಲ ಯಾರೂ ಕೇಳಲೇ ಇಲ್ಲ. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಗಂಗವ್ವನ ರೊಟ್ಟಿಯನ್ನು ಕಟಕಟ ಕಡಿದೆ. ಮೂರನೆಯ ದಿನದಿಂದ ಮಾನವನ್ನು ಟ್ರಂಕಿನಲ್ಲಿಟ್ಟು, ನೀಡಿದ್ದನ್ನೆಲ್ಲ ಉಂಡೆ.

ಎರಡನೆಯ ಅಪಘಾತ ನನ್ನ ಟೋಪಿಯದು. ಬಿಳಿಯ ಖಾದಿ ಟೋಪಿ ಹಾಕಿಕೊಂಡು ಊರ ಔಷಧದ ಅಂಗಡಿಗೆ ಹೋಗಿದ್ದೆ. ಅಲ್ಲಿ ಔಷಧವನ್ನೂ ಐಸ್‌ಕ್ರೀಮನ್ನೂ ಒಂದೇ ಅಂಗಡಿಯಲ್ಲಿ ಮಾರುತ್ತಾರೆ. ನಾನು ಕೌಂಟರಿನ ಹತ್ತಿರ ನಿಂತಿದ್ದಾಗ ಒಬ್ಬ ಹೆಣ್ಣುಮಗಳು ಬಂದು ನನ್ನನ್ನೇ ಎರಡು ಐಸ್‌ಕ್ರೀಮ್ ಕೇಳಿದಳು. ತಿರುಗಿ ನೋಡಿದರೆ, ಕೌಂಟರಿನ ಹಿಂದೆ ಐಸ್‌ಕ್ರೀಮ್ ಕೊಡುವವನ ತಲೆಯ ಮೇಲೆ ಥೇಟ್ ನನ್ನದೇ ಟೋಪಿ. ಅವನದು ಕಾಗದದ್ದು, ಅಷ್ಟೇ ಫರಕು. ಸ್ವಾತಂತ್ರ್ಯ ತಂದ ಟೋಪಿ ಎಂದು ಆಕೆಗೆ ಹೇಳಬೇಕೆನಿಸಿತು.

ನನ್ನನ್ನು ಇಳಿಸಿಕೊಂಡ ಮನೆ ಊರಾಚೆ ಹೊಲದಲ್ಲಿತ್ತು. ಮನೆಯ ಯಜಮಾನತಿ ಕ್ಲಾರಾ, ಎಪ್ಪತ್ತು ದಾಟಿದಾಕೆ, ಕಣ್ಣಿಗೆ ಪೊರೆ ಬಂದಿತ್ತು. ಒಕ್ಕಲುತನವೆಲ್ಲ ಮಗ ರಾಯ್‌ನದು, ಐವತ್ತರ ಸಮೀಪದ ಆರಡಿ ಎರಡಂಗುಲದ ಆಳು. ರಾಯ್ ಮೋಟಾರು ನಡೆಸುವಾಗ ಎದುರು ಬಂದ ಪ್ರತಿ ಗಾಡಿಗೂ ಚಕ್ರದ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಿದ್ದ. ಅದೇ ಅವರ ಶರಣು. ಯಾರೆಂದು ಕೇಳಿದರೆ "ಬಾಜೂ ಮನಿಯವ್ರು" ಎನ್ನುವನು. ಎಷ್ಟು ದೂರ? ಹದಿನೆಂಟು ಮೈಲು. ನಮ್ಮಲ್ಲಿ ಹದಿನೆಂಟು ಮೈಲೆಂದರೆ ಹೆಣ್ಣು ಕೊಟ್ಟು ತರುವ ದೂರ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇವರಿಬ್ಬರ ಇಂಗ್ಲಿಷು ಪುಸ್ತಕದ್ದಲ್ಲ, ಹೊಲದ್ದು. ಅದನ್ನು ಗ್ರಾಂಥಿಕದಲ್ಲಿ ಬರೆದರೆ ಅವರ ಬಾಯಿ ಅವರದಾಗಿ ಉಳಿಯುವುದಿಲ್ಲ. ಆದ್ದರಿಂದ ನನ್ನ ಕಿವಿಗೆ ಬಿದ್ದ ಹಾಗೆ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನಾನೂ ಆಕೆಯನ್ನು ಮೇಡಂ ಎಂದು ಕರೆದು ಕರೆದು ಬೇಸತ್ತು, ನಮ್ಮಲ್ಲಿ ಹಿರಿಯರಿಗೆ ಹೀಗೆ ಅನ್ನುತ್ತೇವೆಂದು ಹೇಳಿ, "ಅವ್ವಾರ" ಎಂದು ಕರೆಯತೊಡಗಿದ್ದೆ. ಅದು ಆಕೆಗೆ ಬಹಳ ಸೇರಿತ್ತು.

ಕ್ಲಾರಾ ಅವ್ವನ ಪೆಟ್ಟಿಗೆ

ಒಂದು ದಿನ ಶಾಲೆಯಿಂದ ಬಂದಾಗ ಕ್ಲಾರಾ ಅವ್ವ ಊಟದ ಮೇಜಿನ ಮೇಲೆ ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕುಳಿತಿದ್ದಳು.

"ಮಾಸ್ತರ, ನೀ ಎಂಥಾ ಕೆಟ್ಟ ಅಕ್ಷರನೂ ಓದ್ತೀಯಂತ?"

ಹನ್ನೆರಡು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನು ಬ್ರಹ್ಮಲಿಪಿಯನ್ನಾದರೂ ಓದಿಯಾನು ಎಂದೆ. ಆಕೆ ಪೆಟ್ಟಿಗೆ ತೆರೆದಳು. ಮೂರು ಹಳೆಯ ನೋಟಬುಕ್ಕುಗಳು, ಒಂದು ಅಚ್ಚಾದ ತೆಳು ಪುಸ್ತಕ. ಅಚ್ಚಿನ ಪುಸ್ತಕ ಆಕೆಯ ಅಜ್ಜ ಥಾಮಸ್ ಮುಪ್ಪಿನಲ್ಲಿ ಬರೆಸಿದ ನೆನಪುಗಳು. ನೋಟಬುಕ್ಕುಗಳು ಅಜ್ಜಿ ಹನ್ನಾಳ ದಿನಚರಿ. ಇಬ್ಬರೂ ಮದುವೆಯಾದ ಹೊಸತರಲ್ಲಿ ಎತ್ತಿನ ಗಾಡಿಯಲ್ಲಿ ಈ ಬಯಲಿಗೆ ಬಂದು, ಮರವಿಲ್ಲದ ಸೀಮೆಯಲ್ಲಿ ಹುಲ್ಲಿನ ಬೇರು ಸಮೇತ ಮಣ್ಣಿನ ಹೆಂಟೆ ಕೊಯ್ದು, ಅದರಿಂದಲೇ ಗೋಡೆ ಎತ್ತಿ, ಹೊಳೆಯ ದಂಡೆಗೆ ಮನೆ ಮಾಡಿದವರು.

"ಅವರಿಗೆ ಮೊದಲನೇದು ಹೆಣ್ಣ ಕೂಸು. ನಮ್ಮವ್ವನಕಿಂತ ಮೊದಲ ಹುಟ್ಟಿದ್ದು, ನಮ್ಮ ದೊಡ್ಡವ್ವ ಆಗಬೇಕು" ಎಂದಳು ಕ್ಲಾರಾ ಅವ್ವ. "ಆರು ದಿನಕ್ಕ ಹೋತು. ಅಲ್ಲೇ ಎಲ್ಲೋ ಮಣ್ಣ ಮಾಡ್ಯಾರ. ಬರೂ ವರ್ಷ ಆ ಹೊಲ ಎಲ್ಲಾ ನೀರಾಗ ಹೋಗ್ತೈತಿ."

ಹೊಳೆಗೆ ಸರಕಾರ ಅಣೆಕಟ್ಟು ಕಟ್ಟುತ್ತಿತ್ತು. ಮುಳುಗುವ ನೆಲದಲ್ಲಿ ಇರುವ ಗೋರಿಗಳನ್ನೆಲ್ಲ ಸರಕಾರದವರೇ ತೆಗೆದು ಊರ ದಿನ್ನೆಯ ಮೇಲಿನ ಸ್ಮಶಾನಕ್ಕೆ ಒಯ್ಯುತ್ತಿದ್ದರು. ಆದರೆ ಜಾಗ ತೋರಿಸಿದವರ ಗೋರಿ ಮಾತ್ರ. ಹತ್ತು ದಿನದಲ್ಲಿ ಆ ಕೆಲಸದ ತಂಡ ಹೊರಟುಹೋಗುತ್ತಿತ್ತು. ಹನ್ನಾ ಸಾಯುವಾಗ ಮೊಮ್ಮಗಳ ಕೈ ಹಿಡಿದು, ಆ ಕೂಸನ್ನು ಒಂದನ್ನೇ ಬಿಡಬೇಡ ಎಂದು ಹೇಳಿದ್ದಳಂತೆ. ಕ್ಲಾರಾ ಅವ್ವ ಹೂಂ ಎಂದಿದ್ದಳು. ಆಗ ಆಕೆಗೆ ಹದಿನಾರು ವರ್ಷ.

"ಅಜ್ಜನ ಪುಸ್ತಕದಾಗ ಐತಲ್ಲ, ಗುಡ್ಡದ ಮ್ಯಾಲ ಗಿಡದ ಬುಡಕ ಅಂತ" ಎಂದ ರಾಯ್. "ನಾ ಮಾರ್ಚನ್ಯಾಗ ಅಲ್ಲೆ ಎರಡ ದಿನ ಅಗದೀನಿ. ಬರೇ ಕಲ್ಲು."

ನಾನು ಎರಡನ್ನೂ ಓದತೊಡಗಿದೆ. ಒಂದೇ ಮನೆ, ಒಂದೇ ಚಳಿಗಾಲ, ಒಂದೇ ಎತ್ತು. ಅಜ್ಜನ ನೆನಪುಗಳಲ್ಲಿ ಎಲ್ಲರೂ ಧೀರರು, ಪ್ರತಿ ಕಷ್ಟದ ಕೊನೆಗೆ ದೇವರು ಬರುತ್ತಾನೆ. ಅಜ್ಜಿಯ ದಿನಚರಿಯಲ್ಲಿ ಎಲ್ಲರಿಗೂ ಹಲ್ಲುನೋವು. "ಗಾಳಿ. ಬಟ್ಟೆ ಒಗೆದೆ." ಮರುದಿನ, "ಗಾಳಿ. ಒಗೆದ ಬಟ್ಟೆ ಮತ್ತೆ ಒಗೆದೆ." ಒಂದು ಕಡೆ, "ಮಸಿ ತೀರಿತು. ಹೊಳೆದಂಡೆಯ ಕಾಯಿ ಹಿಂಡಿ ಮಾಡಿಕೊಂಡೆ. ಕೆಂಪಗೆ ಚೆನ್ನಾಗಿದೆ." ಎಷ್ಟು ಜಾಣೆ ಎಂದು ಮೆಚ್ಚಿಕೊಂಡು ಮುಂದೆ ಓದಿದೆ. ಮೂರು ಪುಸ್ತಕದಲ್ಲಿ ಒಂದು ದಿನವೂ ಆಕೆ ತಾನು ಅತ್ತೆನೆಂದು ಬರೆದಿಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ಮೊದಲ ವರ್ಷದ ದಿನಚರಿಯಲ್ಲಿ ಆ ನೆಲದ ಮೂಲ ಜನರ ಬಗ್ಗೆ ಮತ್ತೆ ಮತ್ತೆ ಒಂದು ಸಾಲು ಬರುತ್ತದೆ: "ಇಲ್ಲಿ ಮೊದಲಿದ್ದವರು ಇವತ್ತೂ ಹಾದುಹೋದರು. ನಿಂತು ಹೊಳೆ ನೋಡಿದರು." ಅದನ್ನು ಓದಿ ಹೇಳಿದಾಗ ಕ್ಲಾರಾ ಅವ್ವ, "ನಮ್ಮಜ್ಜಿ ಬಂದಾಗ ಅವರನ್ನ ಎಬ್ಬಿಸಿದ್ರು. ಈಗ ನಮ್ಮನ್ನ ನೀರು ಎಬ್ಬಸ್ತೈತಿ. ಅವರ ಹಿರ್ಯಾರ ಗೋರಿ ಎಲ್ಲೆಲ್ಲಿ ಅದಾವು ಅಂತ ಆವಾಗ ಯಾರ ಕೇಳಿದ್ರು?" ಎಂದಳು.

ನನಗೆ ಮುಂಡರಗಿ ಸಂತೆ ನೆನಪಾಯಿತು. ನಮ್ಮ ತುಂಗಭದ್ರೆಗೆ ಅಣೆಕಟ್ಟಾದಾಗ ಊರು ಬಿಟ್ಟು ಬಂದ ಒಬ್ಬ ಮುದುಕ ಅಲ್ಲಿ ಹಗ್ಗ ಮಾರುತ್ತಿದ್ದ. "ಮನಿ ಬಿಚ್ಚಿಕೊಂಡ ಬಂದ್ವಿ. ದೇವರನ್ನ ಹೊತ್ತಕೊಂಡ ಬಂದ್ವಿ. ಹಿರ್ಯಾರ್ನ ಹ್ಯಾಂಗ ಹೊತ್ತಕೊಂಡ ಬರೂದ್ರಿ?" ಎಂದಿದ್ದ. ಆಗ ನಾನು ದೇಶ ಮುಂದುವರಿಯಬೇಕಾದರೆ ಇವೆಲ್ಲ ಆಗುವುದೇ ಎಂದು ಮಾಸ್ತರಿಕೆಯ ಉತ್ತರ ಕೊಟ್ಟು ಹಗ್ಗ ಕೊಂಡುಕೊಂಡು ಬಂದಿದ್ದೆ.

ಎರಡು ದಿನದ ಬಿಸಿಲು

ಆ ಪುಟ ನನಗೆ ಸಿಕ್ಕಿದ್ದು ಒಂದು ಗುರುವಾರ. ತಾಯಿ ಮಗ ಇಬ್ಬರೂ ನೆಂಟರ ಊರಿಗೆ ಹೋಗಿದ್ದರು, ಬರುವುದು ಶನಿವಾರ. ಕೆಂಪು ಮಸಿ ಮಾಸಿ ಎಳೆಗಂದು ಬಣ್ಣಕ್ಕೆ ತಿರುಗಿತ್ತು. ಕಿಟಕಿಯ ಹತ್ತಿರ ಹಿಡಿದು ಅಕ್ಷರ ಅಕ್ಷರ ಬಿಡಿಸಿಕೊಂಡೆ.

"ಕೂಸು ಬೆಳಿಗ್ಗೆ ಹೋಯಿತು. ಆರನೆಯ ದಿನ. ಥಾಮಸ್ ಹಿಟ್ಟು ಬೀಸಿಸಲು ಹೋಗಿ ನಾಲ್ಕು ದಿನ. ಕಾಯಲು ಆಗುವುದಿಲ್ಲ. ನಾನೇ ಅಗೆದೆ. ಬಾಗಿಲಿನಿಂದ ನೆಟ್ಟಗೆ ನಲವತ್ತು ಹೆಜ್ಜೆ, ಅಲ್ಲಿಂದ ಹೊಳೆಯ ಕಡೆ ಹನ್ನೊಂದು. ನೆನಪಿರಲಿ ಎಂದು ಬರೆದಿದ್ದೇನೆ."

ಅಜ್ಜನ ಅಚ್ಚಿನ ಪುಸ್ತಕದಲ್ಲಿ, "ನಾವಿಬ್ಬರೂ ಗುಡ್ಡದ ಮೇಲೆ, ಮರದ ನೆರಳಿನಲ್ಲಿ, ಪ್ರಾರ್ಥನೆ ಹೇಳಿ ಅವಳನ್ನು ಮಲಗಿಸಿದೆವು" ಎಂದಿದೆ. ಸುಳ್ಳುಗಾರನೆಂದು ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಯಾಕೆಂದು ಹೇಳುತ್ತೇನೆ.

ನನಗೂ ಗಂಗವ್ವನಿಗೂ ಮೊದಲು ಹುಟ್ಟಿದ್ದು ಹೆಣ್ಣು. ಸ್ವಾತಂತ್ರ್ಯ ಬಂದ ವರ್ಷದ ಶ್ರಾವಣ. ಗದಗಿನಲ್ಲಿ ಬಾವುಟ ಏರಿದ್ದ ವಾರ, ಅಡರಕಟ್ಟಿಯಲ್ಲಿ ಜಿಟಿಜಿಟಿ ಮಳೆ. ಒಂಬತ್ತು ದಿನಕ್ಕೆ ಕೂಸು ಹೋಯಿತು, ಇನ್ನೂ ಹೆಸರಿಟ್ಟಿರಲಿಲ್ಲ. ನಾನೂ ನನ್ನ ಕಾಕಾನೂ ಒಯ್ದು ಮಣ್ಣು ಮಾಡಿ ಬಂದೆವು. "ಬಾಣಂತಿಗೆ ಜಾಗ ಹೇಳಬ್ಯಾಡ. ಅಲ್ಲೇ ಹೋಗಿ ಕುಂಡ್ರತಾಳ. ಮುಂದಿನ ಬಸಿರಿಗೆ ಚಲೋ ಅಲ್ಲ" ಎಂದರು ಕಾಕಾ. ನಮ್ಮ ಮನೆತನದಲ್ಲಿ ಅದೇ ಪದ್ಧತಿ. ಎರಡು ವರ್ಷದ ಮೇಲೆ ಗಂಗವ್ವ ಒಂದೇ ಒಂದು ಸಲ, ಜೋಳ ಹಸನು ಮಾಡುತ್ತಾ, "ಎಲ್ಲಿ ಇಟ್ಟೀರಿ ಅಕೀನ್ನ?" ಎಂದು ಕೇಳಿದಳು. "ಆಗಿದ್ದ ಆಗಿ ಹೋತು, ಮರ್ತಬಿಡು" ಎಂದೆ. ಮತ್ತೆ ಕೇಳಲಿಲ್ಲ. ಆಮೇಲೆ ಎರಡು ಗಂಡುಮಕ್ಕಳಾದವು, ಕೆಲಸ ಖಾಯಂ ಆಯಿತು, ಬೆಟಗೇರಿಯಲ್ಲಿ ಮನೆ ಮಾಡಿದೆವು. ನಾನು ಮರೆತಿದ್ದೆ ಎಂದೇ ತಿಳಿದಿದ್ದೆ. ಹನ್ನಾಳ ಆ ನಾಲ್ಕು ಸಾಲು ಓದಿ, ಪರದೇಶದ ಒಂದು ಅಡಿಗೆಮನೆಯಲ್ಲಿ ಕುಳಿತು ಅತ್ತೆ.

ಅತ್ತು ಕಣ್ಣೊರೆಸಿಕೊಂಡವನು ಮಾಡಿದ ಕೆಲಸ ಕೇಳಿ. ನೋಟಬುಕ್ಕಿಗೆ ಮುಗ್ಗಲು ವಾಸನೆ ಹಿಡಿದಿತ್ತು, ಹೊಲಿಗೆಯ ಸಂದಿಯಲ್ಲಿ ಹುಳವಿತ್ತು. ನಮ್ಮ ಮನೆಯಲ್ಲಿ ಹಿರಿಯರ ಓಲೆಗರಿಯ ಕಟ್ಟುಗಳಿವೆ. ವರ್ಷಕ್ಕೊಮ್ಮೆ, ಮಹಾನವಮಿಗೆ ಮುಂಚೆ, ಅಪ್ಪ ಮಡಿಯಾಗಿ ಅವನ್ನು ಅಂಗಳದಲ್ಲಿ ಬಿಸಿಲಿಗೆ ಹರಡುತ್ತಿದ್ದರು. ಹುಳ ಹೋಗುತ್ತದೆ, ಗರಿ ಉಳಿಯುತ್ತದೆ. ಗ್ರಂಥಕ್ಕೆ ಅದು ದೊಡ್ಡ ಸೇವೆ. ಇಲ್ಲಿಯೂ ಮಹಾನವಮಿಯ ಹೊತ್ತು, ನಾನೂ ಸ್ನಾನ ಮಾಡಿ ಬಂದು, ಹನ್ನಾಳ ದಿನಚರಿಯನ್ನು ಮನೆಯ ಮುಂದಿನ ಜಗುಲಿಯ ಮೇಲೆ ಬಿಸಿಲಿಗಿಟ್ಟೆ. ಆ ಪುಟವನ್ನೇ ತೆರೆದು, ಗಾಳಿಗೆ ಮಗುಚದಂತೆ ಅಂಚಿಗೆ ಎರಡು ಕಲ್ಲು ಹೇರಿದೆ. ಕ್ಲಾರಾ ಅವ್ವ ಬಂದ ಕೂಡಲೇ ಅದನ್ನೇ ತೋರಿಸಬೇಕೆಂಬ ಹಿಗ್ಗು. ಗುರುವಾರ ಉಳಿದ ಹೊತ್ತು, ಶುಕ್ರವಾರ ಪೂರ್ತಿ, ಶನಿವಾರ ಮಧ್ಯಾಹ್ನದ ತನಕ ಬಿಸಿಲು ಕಾಯಿಸಿದೆ.

ಓಲೆಗರಿಯ ಅಕ್ಷರ ಕಂಠವೆಂಬ ಉಕ್ಕಿನ ಮೊನೆಯಿಂದ ಕೊರೆದದ್ದು, ಅದಕ್ಕೆ ಸೂರ್ಯ ಏನೂ ಮಾಡಲಾರ. ಕಾಯಿ ಹಿಂಡಿದ ರಸಕ್ಕೆ ಬಿಸಿಲೇ ವೈರಿ. ಶನಿವಾರ ಎತ್ತಿಕೊಂಡು ನೋಡಿದರೆ ಪುಟ ಖಾಲಿ. ಚಹದ ಕಲೆಯಂಥ ಒಂದೆರಡು ಗೆರೆ ಉಳಿದಿದ್ದವು. ಅಲ್ಲೇ ಹಿಂದಿನ ಪುಟಗಳಲ್ಲಿ ಆಕೆ ಮಸಿ ಮಾಡಿದ ರೀತಿಯನ್ನೇ ಬರೆದಿದ್ದಳು, ನಾನು ಮೆಚ್ಚಿಕೊಂಡೂ ಇದ್ದೆ. ಓದಿದ್ದು ತಲೆಗೆ ಹೋಗದ ಹುಡುಗರಿಗೆ ಹನ್ನೆರಡು ವರ್ಷ ಬೆತ್ತ ತೋರಿಸಿದ ಮಾಸ್ತರ ನಾನು. ಅಲ್ಲೇ ಕುಳಿತೆ.

ರವಿವಾರ

ಮುಚ್ಚಿಡಬಹುದಿತ್ತು. ಆಕೆಗೆ ಕಣ್ಣು ಕಾಣದು, ಮಾಸಿಹೋಗಿತ್ತು ಎಂದರೆ ನಂಬುತ್ತಿದ್ದಳು. ಶನಿವಾರ ಅವರು ಬಂದಾಗ ತಲೆನೋವೆಂದು ಕೋಣೆ ಸೇರಿದೆ. ರವಿವಾರ ಬೆಳಿಗ್ಗೆ ಅವರು ಚರ್ಚಿನಿಂದ ಬಂದ ಮೇಲೆ ಇಬ್ಬರನ್ನೂ ಕೂಡಿಸಿ ಇದ್ದದ್ದು ಇದ್ದಂತೆ ಹೇಳಿದೆ.

ರಾಯ್ ಎದ್ದು ನಿಂತ. "ತೊಂಬತ್ತ ವರ್ಷ ಉಳದಿತ್ತು. ಎರಡ ದಿನದಾಗ ಅಳಿಸಿದಿ" ಎಂದ. ಅವನು ಜೋರು ಮಾಡಲಿಲ್ಲ. ಬಾಗಿಲು ತೆರೆದು ಹೊರಗೆ ಹೋಗಿ, ಮೆಟ್ಟಿಲ ಮೇಲೆ ಬೆನ್ನು ಮಾಡಿ ಕುಳಿತ.

ಕ್ಲಾರಾ ಅವ್ವ ಖಾಲಿ ಪುಟದ ಮೇಲೆ ಅಂಗೈ ಸವರುತ್ತಿದ್ದಳು. "ನೀ ಓದೀಯಲ್ಲ?"

"ಓದಿದೀನ್ರಿ."

"ಹಂಗಾರ ಹೇಳು."

ನಾನು ಹೇಳಿದೆ. "ನಾನೇ ಅಗೆದೆ" ಎನ್ನುವ ಮಾತಿಗೆ ಬಂದಾಗ ಆಕೆ ಕೈ ಎತ್ತಿ ತಡೆದಳು. "ಇನ್ನೊಮ್ಮೆ ಹೇಳು" ಎಂದಳು. ಇನ್ನೊಮ್ಮೆ ಹೇಳಿದೆ. "ಮುದುಕ ಇರಲೇ ಇಲ್ಲೇನು ಹಂಗಾದ್ರ" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಆಮೇಲೆ, "ನಲವತ್ತು? ಖರೇ ನಲವತ್ತೇನು?"

"ನಲವತ್ತರಿ. ಹೊಳಿ ಕಡೆ ಹನ್ನೊಂದು."

ಖಚಿತವಾಗಿ ಹೇಳಿದೆನೇ ಹೊರತು, ಆ ಇಡೀ ದಿನ ಆ ಎರಡು ಅಂಕಿಗಳು ತಲೆಯಲ್ಲಿ ಅಲುಗಾಡುತ್ತಲೇ ಇದ್ದವು. ಮಾಸಿದ ಸೊನ್ನೆ ಆರಾಗಿದ್ದರೆ? ಹನ್ನೊಂದು ಹದಿನೇಳಾಗಿದ್ದರೆ? ಈ ಪ್ರಪಂಚದಲ್ಲಿ ಆ ಕೂಸಿನ ವಿಳಾಸ ಈಗ ನನ್ನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಹಳೆಯ ಮನೆಯ ಬಾಗಿಲು

ಸೋಮವಾರ ತಂಡದ ಅಧಿಕಾರಿ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಕೈಯಲ್ಲಿ ಗೋರಿಗಳ ಪಟ್ಟಿ. ಮಧ್ಯಾಹ್ನದ ತನಕ ಮಾತ್ರ ಎಂದು ಮೊದಲೇ ಹೇಳಿದ. ಮಣ್ಣಿನ ಮನೆ ಎಂದೋ ಕುಸಿದು ಹುಲ್ಲು ಮುಚ್ಚಿದ ದಿಬ್ಬವಾಗಿತ್ತು. ಆದರೆ ಹೊಸ್ತಿಲ ಕಲ್ಲು ಇದ್ದಲ್ಲೇ ಇತ್ತು.

ರಾಯ್ ಕಲ್ಲಿನ ಮೇಲೆ ನಿಂತು ಹೊಲ ಅಳೆಯುವವನ ಹಾಗೆ ದಾಪುಗಾಲು ಹಾಕಿದ. ನಲವತ್ತು. ಹೊಳೆಯ ಕಡೆ ತಿರುಗಿ ಹನ್ನೊಂದು. ಆಳುಗಳು ಅಗೆದರು. ಬೇರು, ಹೆಂಟೆ. ಅಲ್ಲಿಂದ ಎರಡು ಮಾರು ಆಚೆ ಅಗೆದರು, ಈಚೆ ಅಗೆದರು. ಅಲುಗದ ಗಟ್ಟಿ ನೆಲ. ಅಧಿಕಾರಿ ಗಡಿಯಾರ ನೋಡಿ ಪಟ್ಟಿಯನ್ನು ಮಡಿಚಿದ. ಕ್ಲಾರಾ ಅವ್ವ ನನ್ನ ಕಡೆ ಮುಖ ತಿರುಗಿಸಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ನಾನು ತಲೆ ತಗ್ಗಿಸಿದೆ. ತಗ್ಗಿಸಿದ ಕಣ್ಣಿಗೆ ಕಂಡದ್ದು ರಾಯ್‌ನ ಬೂಟಿನ ಗುರುತುಗಳು. ಒಂದಕ್ಕೂ ಇನ್ನೊಂದಕ್ಕೂ ನಡುವೆ ನಾನು ಎರಡು ಹೆಜ್ಜೆ ಇಡಬೇಕು.

ಬೆಟಗೇರಿಯ ಸಂತೆಯಲ್ಲಿ ಹೂವು ಕೊಳ್ಳುವಾಗ ಗಂಗವ್ವ ಮೊದಲು ನೋಡುವುದು ಹೂವನ್ನಲ್ಲ, ಮಾರುವಾಕೆಯ ಕೈಯನ್ನು. ಗಿಡ್ಡ ಕೈಯಾದರೆ ಮುಂದೆ ಹೋಗುತ್ತಾಳೆ. ಮೊಳ ಎಂದರೆ ಆಯಿತೇ, ಯಾರ ಮೊಳ ಎಂದು ಕೇಳಬೇಡವೇ?

"ಅವ್ವಾರ, ನಿಮ್ಮಜ್ಜಿ ಎಷ್ಟೆತ್ತರ ಇದ್ರು?"

"ನನ್ನಷ್ಟ. ನನಕಿಂತ ಎರಡ ಬಟ್ಟು ಗಿಡ್ಡ."

"ಹಡದು ಆರ ದಿನ ಆಗಿತ್ತರಿ" ಎಂದೆ. "ಹಸೀ ಬಾಣಂತಿ."

ಆಕೆಗೆ ಮುಂದೆ ಹೇಳುವ ಅಗತ್ಯ ಬೀಳಲಿಲ್ಲ. ಕೋಲನ್ನು ಮಗನ ಕೈಗೆ ಕೊಟ್ಟಳು. ಮೋಟಾರಿನಲ್ಲಿದ್ದ ಚಾದರ ತರಿಸಿ, ಸುತ್ತಿ, ಎರಡೂ ತೋಳಿನಲ್ಲಿ ಎದೆಗವಚಿಕೊಂಡಳು. ಹೊಸ್ತಿಲ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ನಿಂತು ನಡೆಯತೊಡಗಿದಳು. ನಾನು ಪಕ್ಕದಲ್ಲಿ ಎಣಿಸುತ್ತಾ ನಡೆದೆ. ಇಂಗ್ಲಿಷಿನಲ್ಲಿ ಶುರುಮಾಡಿದವನು ಹತ್ತು ದಾಟುವುದರೊಳಗೆ ಕನ್ನಡದಲ್ಲಿ ಎಣಿಸುತ್ತಿದ್ದೆ, ಯಾರೂ ತಡೆಯಲಿಲ್ಲ. ಹೊರೆ ಹಿಡಿದವರ ಹೆಜ್ಜೆ ಚಿಕ್ಕದು, ನೆಲ ಕಾಣದವರ ಹೆಜ್ಜೆ ಇನ್ನೂ ಚಿಕ್ಕದು. ನಲವತ್ತಕ್ಕೆ ಆಕೆ ನಿಂತದ್ದು ರಾಯ್ ನಡೆದದ್ದರ ಅರ್ಧಕ್ಕಿಂತ ತುಸು ಮುಂದೆ. ಹೊಳೆಯ ಕಡೆ ಹನ್ನೊಂದು.

ಆಳುಗಳು ಅಗೆದರು. ಮೊಳಕಾಲುದ್ದ ಇಳಿದಾಗ ಮಣ್ಣಿನ ಬಣ್ಣ ಬೇರೆಯಾಯಿತು. ರಾಯ್ ಆಳುಗಳನ್ನು ಸರಿಸಿ ತಾನೇ ಇಳಿದು ಕೈಯಿಂದ ಕೆದರಿದ. ಮೊದಲು ಸಿಕ್ಕಿದ್ದು ಒಂದು ಪಿಂಗಾಣಿ ತಾಟು, ನೀಲಿ ಅಂಚಿನದು, ಬೋರಲಾಗಿ ಮುಚ್ಚಿತ್ತು. ಅದರ ಕೆಳಗೆ ಕಪ್ಪನೆಯ ಮೆತ್ತಗಿನ ಮಣ್ಣು, ಸಾಲಾಗಿ ನಾಲ್ಕು ಚಿಪ್ಪಿನ ಗುಂಡಿಗಳು. ಅಷ್ಟೇ ಉಳಿದಿತ್ತು.

ಕ್ಲಾರಾ ಅವ್ವ ತಾಟನ್ನು ಮುಟ್ಟಿ ನೋಡಿದಳು. "ಮಾರಿ ಮ್ಯಾಲ ಮಣ್ಣ ಬೀಳಬಾರದಂತ ಮುಚ್ಯಾಳ" ಎಂದಳು. ಅಧಿಕಾರಿ ಟೋಪಿ ತೆಗೆದು, ಪಟ್ಟಿ ಬಿಚ್ಚಿ, ಹೆಸರೇನೆಂದು ಕೇಳಿದ. ದಿನಚರಿಯಲ್ಲಿ ಹೆಸರಿರಲಿಲ್ಲ. "ಹನ್ನಾನ ಮಗಳು ಅಂತ ಬರಕೋರಿ" ಎಂದಳು.

ಹಿಂದಕ್ಕೆ ಬರುವಾಗ ಮೋಟಾರಿನಲ್ಲಿ ನನ್ನ ಕೂಸಿನ ವಿಷಯ ಆಕೆಗೆ ಹೇಳಿದೆ. ಅಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಆಕೆ ಪೂರ್ತಿ ಕೇಳಿಸಿಕೊಂಡು, "ನಿನ್ನ ಹೆಂಡ್ತಿಗೆ ಜಾಗ ಗೊತ್ತೈತೇನು?" ಎಂದಳು.

"ಇಲ್ರಿ."

"ನಿಮ್ಮ ಹೊಲಕ್ಕೇನ ನೀರು ಬರಂಗಿಲ್ಲಲ್ಲ. ಮತ್ತ್ಯಾಕ ಹೇಳಿಲ್ಲ?"

ರಾಯ್ ಎದುರು ಬಂದ ಗಾಡಿಗೆ ಬೆರಳು ಎತ್ತಿದ. ಮನೆ ಬಂದಾಗ ನನ್ನ ಬದಿಯ ಬಾಗಿಲನ್ನು ಅವನೇ ಬಂದು ತೆರೆದ.

ಅಡರಕಟ್ಟಿ

ನಾನು ತಿರುಗಿ ಬಂದಾಗ ಗದಗ ಮೈಸೂರು ರಾಜ್ಯದಲ್ಲಿತ್ತು. ಡ್ರಾಯಿಂಗ್ ಮಾಸ್ತರರು ಸ್ಟೇಷನ್ನಿನಲ್ಲೇ ಅಪ್ಪಿಕೊಂಡು, "ಒಂದಾದ್ವಿ ನೋಡ್ರಿ!" ಎಂದರು. ನಾಲ್ಕು ಸರಕಾರಗಳ ನಡುವೆ ಹರಿದು ಹಂಚಿಹೋಗಿದ್ದ ನಾಡು ಒಂದಾದ ಸಂತೋಷ ನನಗೂ ಇತ್ತು. ಊರವರು ಎರಡು ಸಭೆ ಮಾಡಿ ನನ್ನಿಂದ ಅಮೇರಿಕದ ಭಾಷಣ ಕೇಳಿದರು. ಎರಡರಲ್ಲೂ ಐಸ್‌ಕ್ರೀಮಿನ ಕಥೆ ಹೇಳಿದೆ, ಉಳಿದದ್ದು ಹೇಳಲಿಲ್ಲ.

ಆ ವಾರವೇ ಗಂಗವ್ವನನ್ನು ಕರೆದುಕೊಂಡು ಅಡರಕಟ್ಟಿಗೆ ಹೋದೆ. ಜೋಳದ ಹೊಲ ನೋಡಿ ಬರೋಣ ಎಂದು ನೆಪ ಹೇಳಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಹನ್ನಾಳಿಂದ ಶುರುಮಾಡಬೇಕೋ, ಕಾಕಾನಿಂದ ಶುರುಮಾಡಬೇಕೋ ತಿಳಿಯುತ್ತಿರಲಿಲ್ಲ. ಹೊಲದ ಬದುವಿಗೆ ಬಂದಾಗ, "ನಿಲ್ಲು, ನಿನಗೊಂದ ಮಾತು ಹೇಳಬೇಕು. ನಮ್ಮ ಮೊದಲನೇ ಕೂಸಿನ್ನ..." ಎಂದೆ.

ಗಂಗವ್ವ ನಿಲ್ಲಲಿಲ್ಲ. ನನ್ನನ್ನು ದಾಟಿ ಬದುವಿನ ಗುಂಟ ಹೋದಳು. ಕಪ್ಪು ಮಣ್ಣಿನ ಎರೆಹೊಲ ಮುಗಿದು, ಮೂಲೆಯಲ್ಲಿ ಒಂದು ತುಂಡು ಕೆಂಪು ಮಸಾರಿ ನೆಲವಿದೆ. ಅಲ್ಲಿ ಬನ್ನಿಗಿಡದಿಂದ ನಾಲ್ಕು ಮಾರು ಈಚೆ ನಿಂತು, ಸೆರಗು ಸರಿಮಾಡಿಕೊಂಡಳು. ನಾನೂ ಕಾಕಾನೂ ಅಗೆದ ಜಾಗ. ಒಂದು ಗೇಣೂ ಅತ್ತಿತ್ತ ಇಲ್ಲ.

"ಇಲ್ಲೇ ಅಲ್ಲೇನ್ರಿ?"

"ಯಾರ ಹೇಳಿದ್ರು?"

"ಯಾರ ಹೇಳಬೇಕ್ರಿ. ಅವತ್ತ ಮಳಿ. ನೀವು ಬಂದು ಹಿತ್ತಲದಾಗ ಕಾಲ ತೊಳಕೊಂಡ್ರಿ. ನೀರು ಕೆಂಪಗ ಹರೀತು. ನಮ್ಮದೆಲ್ಲಾ ಎರಿ, ಕೆಂಪ ಮಣ್ಣ ಇರೂದು ಈ ಮೂಲ್ಯಾಗ ಒಂದ. ಬಾಣಂತನ ಮುಗದ ಮ್ಯಾಲೆ ಬಂದು ನೋಡಿದೆ. ಹೊಸಾ ಮಣ್ಣ ಇತ್ತು."

"ಆವಾಗಿಂದ ಬರ್ತೀಯೇನು ಇಲ್ಲಿ?"

"ಊರಿಗೆ ಬಂದಾಗೆಲ್ಲಾ ಬರ್ತೀನಿ."

"ಮತ್ತ, ಅವತ್ತ ನನ್ನ ಯಾಕ ಕೇಳಿದಿ, ಎಲ್ಲಿ ಇಟ್ಟೀರಿ ಅಂತ?"

ಆಕೆ ಬಗ್ಗಿ, ಅಲ್ಲಿ ಬೆಳೆದಿದ್ದ ಕರಿಕೆ ಹುಲ್ಲನ್ನು ಕೈಯಿಂದ ಕೀಳತೊಡಗಿದಳು.

"ಜಾಗಾ ಗೊತ್ತಿತ್ತರಿ ನನಗ. ನೀವು ಒಂದ ಸಲ ನನ್ನ ಕೂಡ ಇಲ್ಲಿ ಬರ್ತೀರೇನೋ ಅಂತ ಕೇಳಿದ್ದೆ."